ಮಂಗಳೂರಿನ ಸೀನರಿ, ಕಾರವಾರದ ಕಂಪ್ಯೂಟರ್: ಒಂದು ಆಡ್‌-ಆನ್ ಪರೀಕ್ಷಿಸಿದ ಬಗೆ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರಿಗೆ (ಸಿಮ್) ದುಡ್ಡು ಕೊಟ್ಟು ತಗೊಳ್ಳುವ ಏರ್‌ಪೋರ್ಟ್ ಸೀನರಿಗಳ ಜಾಹೀರಾತು ಚಿತ್ರಗಳೆಲ್ಲ ಟರ್ಮಿನಲ್‌ನವೇ. ಗಾಜು ಮಿನುಗುತ್ತದೆ, ಏರೋಬ್ರಿಜ್ ಚೆಂದ ಕಾಣುತ್ತದೆ, ಒಳಗಿನ ಕುರ್ಚಿಗಳನ್ನೂ ಎಣಿಸಬಹುದು. ಕಾಕ್‌ಪಿಟ್‌ನಲ್ಲಿ ಕೂತವರಿಗೆ ಇದೆಲ್ಲ ಕಾಣುವುದು ಪಾರ್ಕಿಂಗ್‌ಗೆ ಬಂದಮೇಲಿನ ಎರಡು ನಿಮಿಷ ಮಾತ್ರ. ಗುಡ್ಡದ ತಲೆಯ ಮೇಲಿನ ರನ್‌ವೇ ಇರುವ ಕಡೆ ನಾನು ಮೊದಲು ನೋಡುವುದು ನೆಲವನ್ನು. ರನ್‌ವೇಯ ಎರಡು ತುದಿ, ಅದರಾಚೆಯ ಇಳಿಜಾರು, ಸೀನರಿಯ ಗಡಿ ಸುತ್ತಲಿನ ನೆಲಕ್ಕೆ ಕೂಡುವ ಜಾಗ. ಇಷ್ಟು ಕೆಟ್ಟಿದ್ದರೆ ಮಿಕ್ಕಿದ್ದು ಏನಿದ್ದೂ ಉಪಯೋಗವಿಲ್ಲ.

ಕಾರವಾರದಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ. ನೇರ ಗೆರೆ ಎಳೆದರೆ ಗೋವಾದ ದಾಬೋಲಿಂ ಸುಮಾರು 70 ಕಿ.ಮೀ., ಹುಬ್ಬಳ್ಳಿ 120, ಮಂಗಳೂರು 220 ಕಿ.ಮೀ., ಅಂದರೆ 120 ನಾಟಿಕಲ್ ಮೈಲಿ. ದೂರವಾದರೂ ಸೀನರಿ ಪರೀಕ್ಷೆಗೆ ಮಂಗಳೂರೇ ಸರಿ. ಹುಬ್ಬಳ್ಳಿಯ ಬಯಲಲ್ಲಿ ನೆಲದ ತಪ್ಪುಗಳು ಮುಚ್ಚಿಹೋಗುತ್ತವೆ. ಮಂಗಳೂರು ನಿಲ್ದಾಣವಿರುವ ಕೆಂಜಾರಿನ ಗುಡ್ಡದ ಮೇಲೆ ಒಂದೂ ಮುಚ್ಚುವುದಿಲ್ಲ. ಇಲ್ಲಿ ಹೇಳುವುದು ಎಕ್ಸ್‌-ಪ್ಲೇನ್ 12 ಎಂಬ ಸಿಮ್ಯುಲೇಟರಿನ ಲೆಕ್ಕ. ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ಗೆ ಬೇರೆಯಾಗುವ ನಾಲ್ಕು ಮಾತು ಕೊನೆಯಲ್ಲಿದೆ.

ಸಿಮ್ ತೆರೆಯುವ ಮುಂಚೆ ಕಾಗದದ ಕೆಲಸ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಇ-ಎಐಪಿ (ನಿಲ್ದಾಣಗಳ ಅಧಿಕೃತ ಮಾಹಿತಿ ಕೈಪಿಡಿ) ಯಾರಿಗೂ ಉಚಿತ. ಅದರಲ್ಲಿ ವಿಒಎಂಎಲ್ (ಮಂಗಳೂರು ನಿಲ್ದಾಣದ ಸಂಕೇತ) ಪುಟ ತೆಗೆದು ರನ್‌ವೇ 06/24ರ ಅಳತೆ (06, 24 ಅದರ ಎರಡು ತುದಿಗಳ ಹೆಸರು; 2,450 ಮೀಟರ್ ಉದ್ದ, 45 ಮೀಟರ್ ಅಗಲ), ಎರಡೂ ಥ್ರೆಶೋಲ್ಡ್‌ಗಳ (ಇಳಿಯುವ ಪಟ್ಟಿ ಶುರುವಾಗುವ ಜಾಗ) ಅಕ್ಷಾಂಶ-ರೇಖಾಂಶ, ಎತ್ತರ, ಪ್ಯಾಪಿ (ಇಳಿಯುವ ಕೋನ ತೋರಿಸುವ ದೀಪಗಳು) ಕೋನ, ಐಎಲ್‌ಎಸ್ (ಇಳಿಯಲು ದಾರಿ ತೋರುವ ರೇಡಿಯೋ ವ್ಯವಸ್ಥೆ) ಫ್ರೀಕ್ವೆನ್ಸಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಚಾರ್ಟ್ ಜಾರಿಯಾದ ತಾರೀಖನ್ನೂ ಬರೆಯಿರಿ. ಹಳೆಯ 1,615 ಮೀಟರ್‌ನ 09/27 ಪಟ್ಟಿಯನ್ನು ಪ್ಯಾಕ್ ಹೇಗೆ ತೋರಿಸಿದೆ, ಟರ್ಮಿನಲ್ ಮೇಲಿನ ಬೋರ್ಡು 2020ರಲ್ಲಿ ನಿರ್ವಹಣೆ ಬದಲಾಗುವ ಮುಂಚಿನದೋ ನಂತರದ್ದೋ, ಇವೆರಡು ನೋಡಿದರೆ ಮಾಡಿದವರು ಯಾವ ಕಾಲದ ಚಿತ್ರ ಇಟ್ಟುಕೊಂಡು ಕೂತಿದ್ದರು ಎಂದು ಗೊತ್ತಾಗುತ್ತದೆ.

ಆಮೇಲೆ ಫೈಲುಗಳು. ಪ್ಯಾಕನ್ನು ಕಸ್ಟಮ್ ಸೀನರಿ ಫೋಲ್ಡರಿಗೆ ಹಾಕಿ, ಅದರೊಳಗಿನ ಅರ್ತ್ ನ್ಯಾವ್ ಡೇಟಾ ತೆರೆಯಿರಿ. +10+070 ಎಂಬ ಫೋಲ್ಡರಿನಲ್ಲಿ +12+074.ಡಿಎಸ್‌ಎಫ್ ಇರಬೇಕು, ಮಂಗಳೂರು ಬೀಳುವ ಒಂದು ಡಿಗ್ರಿ ಅಕ್ಷಾಂಶ-ರೇಖಾಂಶದ ಚೌಕ ಅದೇ. ಹೆಸರು ಚೌಕದ ನೈರುತ್ಯ ಮೂಲೆಯದ್ದು, ಹಾಗಾಗಿ ಕಾರವಾರ, ಶಿರಸಿ ಎರಡೂ +14+074ರೊಳಗೆ ಬರುತ್ತವೆ. ನಿಲ್ದಾಣದ ವಿವರ ಇರುವ ಆಪ್ಟ್.ಡ್ಯಾಟ್ ಫೈಲನ್ನು ನೋಟ್‌ಪ್ಯಾಡ್‌ನಲ್ಲೇ ಓದಬಹುದು. 100ರಿಂದ ಶುರುವಾಗುವ ಸಾಲು ರನ್‌ವೇಯದು: ಮೊದಲ ಅಂಕಿ ಅಗಲ, ಮುಂದೆ ಎರಡು ತುದಿಗಳ ಸ್ಥಾನ. ಉದ್ದ ಬರೆದಿರುವುದಿಲ್ಲ, ಸ್ಥಾನಗಳಿಂದ ಲೆಕ್ಕ ಹಾಕಬೇಕು. 21ರಿಂದ ಶುರುವಾಗುವ ಸಾಲಿನಲ್ಲಿ ಪ್ಯಾಪಿಯ ಕೋನ ಇರುತ್ತದೆ. ಹಾಳೆಯಲ್ಲಿ ಬರೆದುಕೊಂಡಿದ್ದಕ್ಕೆ ಇವು ತಾಳೆಯಾಗದಿದ್ದರೆ ಮಾಡಿದವರು ಚಾರ್ಟ್ ನೋಡಿಲ್ಲ.

ಸೀನರಿ_ಪ್ಯಾಕ್ಸ್.ಐಎನ್‌ಐ ಫೈಲಿನಲ್ಲಿ ಮೇಲಿನ ಸಾಲಿಗೆ ಆದ್ಯತೆ ಜಾಸ್ತಿ. ಏರ್‌ಪೋರ್ಟ್ ಮೇಲೆ, ಸಿಮ್ ಜೊತೆಗೇ ಬರುವ ಗ್ಲೋಬಲ್ ಏರ್‌ಪೋರ್ಟ್ಸ್ ಅದರ ಕೆಳಗೆ, ಉಪಗ್ರಹ ಚಿತ್ರದ ಆರ್ಥೋ ಮತ್ತೆ ಮೆಶ್ (ನೆಲದ ಏರಿಳಿತದ ಜಾಲ) ಎಲ್ಲಕ್ಕಿಂತ ಕೆಳಗೆ. ಹೊಸ ಪ್ಯಾಕನ್ನು ಸಿಮ್ ತಾನಾಗಿಯೇ ಮೇಲಕ್ಕೆ ಹಾಕುತ್ತದೆ. ಆರ್ಥೋ ಆಮೇಲೆ ಹಾಕಿದರೆ ಅದು ಏರ್‌ಪೋರ್ಟಿನ ತಲೆಯ ಮೇಲೆ ಕೂರುತ್ತದೆ. ಕಟ್ಟಡಗಳು ಮಾಯವಾದವು ಎಂಬ ದೂರಿಗೆ ಹೆಚ್ಚಾಗಿ ಇದು ಕಾರಣ, ಇಲ್ಲವೆಂದರೆ ಬೇಕಾದ ಲೈಬ್ರರಿ (ಪ್ಯಾಕ್ ಬಳಸುವ ಮಾದರಿಗಳ ಸಂಗ್ರಹ) ಹಾಕಿಲ್ಲ. ಯಾವುದು ಇಲ್ಲ ಎಂಬುದು ಲಾಗ್.ಟಿಎಕ್ಸ್‌ಟಿಯಲ್ಲಿ ಸಿಗುತ್ತದೆ.

ಈಗ ನೆಲ. ಮಂಗಳೂರಿನಲ್ಲಿ ಇದು ಯಾಕೆ ಕಷ್ಟ ಎಂದರೆ, ಸ್ಪೇಸ್ ಶಟಲ್ 2000ನೇ ಇಸವಿ ಫೆಬ್ರುವರಿಯಲ್ಲಿ ಅಳೆದ ಎತ್ತರದ ಮಾಹಿತಿಯೇ ಇವತ್ತಿಗೂ ಬಹಳಷ್ಟು ಮೆಶ್‌ಗಳಿಗೆ ಆಧಾರ. 06/24 ಬಳಕೆಗೆ ಬಂದದ್ದು 2006ರಲ್ಲಿ. ಗುಡ್ಡ ಕಡಿದು, ತಗ್ಗು ತುಂಬಿ ಪಟ್ಟಿ ಮಾಡಿದ್ದು ಆ ಅಳತೆಗೆ ಗೊತ್ತೇ ಇಲ್ಲ. ಸಿಮ್‌ನ ಕಣ್ಣಿಗೆ ಅಲ್ಲಿ ಹಳೆಯ ಗುಡ್ಡ, ಹಳೆಯ ತಗ್ಗುಗಳೇ ಇವೆ. ಆಡ್‌-ಆನ್ ಮಾಡುವವರು ಇದಕ್ಕೆ ಎರಡು ದಾರಿ ಹಿಡಿಯುತ್ತಾರೆ. ಸುಲಭದ್ದು ಆಪ್ಟ್.ಡ್ಯಾಟ್‌ನಲ್ಲಿ ‘1302 ಫ್ಲ್ಯಾಟನ್ 1’ ಎಂದು ಒಂದು ಸಾಲು ಸೇರಿಸುವುದು. ಗಡಿಯೊಳಗಿನ ನೆಲವೆಲ್ಲ ಕೇರಂ ಬೋರ್ಡಿನಂತೆ ಮಟ್ಟಸವಾಗುತ್ತದೆ. ಕಷ್ಟದ್ದು, ಆ ಜಾಗಕ್ಕೇ ಬೇರೆ ಮೆಶ್ ಮಾಡಿ ಕೊಡುವುದು.

ಫ್ಲ್ಯಾಟನ್ ಹಾಕಿದ ಪ್ಯಾಕ್‌ನಲ್ಲಿ ರನ್‌ವೇಯ ಸಹಜ ಏರಿಳಿತ ಹೋಗುತ್ತದೆ, ಗಡಿಯ ಗೆರೆ ಮುಗಿದಲ್ಲಿ ಗೋಡೆ ಕಡಿದಂತೆ ನೆಟ್ಟಗೆ ಬೀಳುತ್ತದೆ. ಪರೀಕ್ಷೆ ಸುಲಭ: ಡೇಟಾ ಔಟ್‌ಪುಟ್‌ನ 20ನೇ ಸಾಲು ಆನ್ ಮಾಡಿ, ವಿಮಾನವನ್ನು 24ರ ಥ್ರೆಶೋಲ್ಡ್, ನಡುಮಧ್ಯ, 06ರ ಥ್ರೆಶೋಲ್ಡ್ ಮೂರೂ ಕಡೆ ನಿಲ್ಲಿಸಿ ಸಮುದ್ರಮಟ್ಟದಿಂದ ಎತ್ತರ ಓದಿ. ಮೂರೂ ಕಡೆ ಒಂದೇ ಅಂಕಿ ಬಂದರೆ ಫ್ಲ್ಯಾಟನ್. ಬೇರೆ ಬೇರೆ ಬಂದರೆ ಅವುಗಳ ವ್ಯತ್ಯಾಸವನ್ನು ಎಐಪಿಯ ವ್ಯತ್ಯಾಸದ ಜೊತೆ ಹೋಲಿಸಿ. ಅಂಕಿಯಲ್ಲಿ ಸೇರಿರುವ ಚಕ್ರದ ಎತ್ತರ ಮೂರೂ ಕಡೆ ಒಂದೇ, ಅದು ತಾನೇ ಕಳೆದುಹೋಗುತ್ತದೆ. ಫ್ಲ್ಯಾಟನ್ ಸಾಲು ತೆಗೆದು ನೋಡುವ ಮನಸ್ಸಾದರೆ ಮೂಲ ಫೈಲಿನ ಪ್ರತಿ ಇಟ್ಟುಕೊಂಡು ಮಾಡಿ. ಮೆಶ್ ಒರಟಾಗಿದ್ದರೆ ರನ್‌ವೇ ಅಲೆಯಾಗಿ ಎದ್ದು, ಎಟಿಆರ್ ವಿಮಾನ ಓಡುವಾಗ ಮೂಗು ಕುಣಿಯುತ್ತದೆ. ಎರಡೂ ಕೆಟ್ಟದ್ದೇ, ಆರಿಸಲೇಬೇಕಾದರೆ ನನಗೆ ಮಟ್ಟಸವಾದದ್ದು ಸಾಕು, ಆದರೆ ಅಂಚಿನ ಗೋಡೆಯನ್ನು ಇಳಿಜಾರು ಮಾಡಿ ಮುಚ್ಚಿರಬೇಕು.

ತುದಿಗಳನ್ನು ಹೊರಗಿನ ಕ್ಯಾಮೆರಾದಲ್ಲಿ ಸುತ್ತಿ ನೋಡಿ. 2010ರ ಮೇ 22ರಂದು 24ರಲ್ಲಿ ಇಳಿದ ವಿಮಾನ ಪಟ್ಟಿ ದಾಟಿ ಕಮರಿಗೆ ಬಿದ್ದು 158 ಜನ ಸತ್ತ ನಿಲ್ದಾಣವಿದು. ಆ ಕಡೆ ಕಮರಿಯ ಬದಲು ಹುಲ್ಲುಗಾವಲು ತೋರಿಸಿದ ಪ್ಯಾಕನ್ನು ಮಂಗಳೂರು ಎಂದು ಮಾರಬಾರದು.

ಇನ್ನು ಐಎಲ್‌ಎಸ್. ರನ್‌ವೇ ಬರುವುದು ಪ್ಯಾಕಿನಿಂದ, ಲೋಕಲೈಜರ್ (ಐಎಲ್‌ಎಸ್‌ನಲ್ಲಿ ನಡುಗೆರೆ ತೋರುವ ಭಾಗ) ಬರುವುದು ಸಿಮ್‌ನ ನ್ಯಾವಿಗೇಶನ್ ಮಾಹಿತಿಯಿಂದ. ಮಾಡಿದವರು ಉಪಗ್ರಹ ಚಿತ್ರದ ಮೇಲೆ ರನ್‌ವೇ ಎಳೆದಿದ್ದರೆ, ಗುಡ್ಡದ ಜಾಗದಲ್ಲಿ ಆ ಚಿತ್ರವೇ ಕೆಲವು ಮೀಟರ್ ಸರಿದಿರಬಹುದು. 24ರ ಥ್ರೆಶೋಲ್ಡ್‌ನಲ್ಲಿ ನಡುಗೆರೆಯ ಮೇಲೆ ನಿಂತು ಫ್ರೀಕ್ವೆನ್ಸಿ ಹಾಕಿ. ಸೂಜಿ ಮಧ್ಯಕ್ಕೆ ಬರಬೇಕು. ಲೋಕಲೈಜರ್ ಥ್ರೆಶೋಲ್ಡ್‌ನಲ್ಲಿ ಒಟ್ಟು 700 ಅಡಿ ಅಗಲ ಇರುವಂತೆ ಹೊಂದಿಸುವುದು ರೂಢಿ. ಒಂದೊಂದು ಬದಿಗೆ ಐದು ಚುಕ್ಕೆಯ ಸಿಡಿಐನಲ್ಲಿ (ಆ ಸೂಜಿ ಇರುವ ಮೀಟರ್) ಒಂದು ಚುಕ್ಕೆ ಎಂದರೆ 70 ಅಡಿ, 21 ಮೀಟರ್. ಸೂಜಿ ಒಂದು ಚುಕ್ಕೆ ಸರಿದರೂ ಲೋಕಲೈಜರ್ ನಿಮ್ಮನ್ನು ತಂದು ಬಿಡುವುದು ರನ್‌ವೇ ಅಂಚಿನ ದೀಪದ ಹತ್ತಿರ.

ಹಾರಾಟವನ್ನು ಕಾರವಾರದ ಮೇಲಿಂದಲೇ ಶುರುಮಾಡುವುದು ಒಳ್ಳೆಯದು. ಕಾಳಿ, ತದಡಿಯ ಬಳಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಮುರ್ಡೇಶ್ವರದ ಎದುರು ನೇತ್ರಾಣಿ: ಮೂರು ಅಳಿವೆ, ಒಂದು ದ್ವೀಪ, ದಿಕ್ಕು ತಪ್ಪುವ ಮಾತೇ ಇಲ್ಲ. ಮೂಲ ಸೀನರಿ ಎಷ್ಟು ಒರಟು ಎಂಬುದೂ ಕಣ್ಣಿಗೆ ಹೊಂದುತ್ತದೆ. ಉಪ್ಪುನೀರಿನ ಗಜನಿ ಗದ್ದೆಯನ್ನು ಕೆರೆ ಎಂದೂ, ಶಿರಸಿ ಕಡೆಯ ಅಡಿಕೆ ತೋಟವನ್ನು ಬರೀ ಕಾಡು ಎಂದೂ ಸಿಮ್ ತೋರಿಸಿದರೆ ಅದು ಏರ್‌ಪೋರ್ಟ್ ಪ್ಯಾಕಿನ ತಪ್ಪಲ್ಲ, ಅದರ ಲೆಕ್ಕಕ್ಕೆ ಹಾಕಬೇಡಿ. ಉತ್ತರದಿಂದ ಬಂದು 24ಕ್ಕೆ ಇಳಿಯಲು ಬಲಗೈ ಡೌನ್‌ವಿಂಡ್ ಹಿಡಿದರೆ (ರನ್‌ವೇಯನ್ನು ಬಲಕ್ಕೆ ಇಟ್ಟುಕೊಂಡು ಇಳಿಯುವುದರ ಎದುರು ದಿಕ್ಕಿಗೆ ಹಾರಿದರೆ) ಗುಡ್ಡದ ಪಕ್ಕ ಪೂರ್ತಿ ಕಾಣುತ್ತದೆ. ಮೋಡವಿಲ್ಲದ ಉಪಗ್ರಹ ಚಿತ್ರ ಕರಾವಳಿಯಲ್ಲಿ ಸಿಗುವುದು ಮಳೆಗಾಲ ಕಳೆದ ಮೇಲೆ, ಹಾಗಾಗಿ ಸುತ್ತಲ ನೆಲ ಕಂದು. ಪ್ಯಾಕಿನೊಳಗಿನ ಹುಲ್ಲು ಆಷಾಢದ ಹಸಿರಾಗಿದ್ದರೆ ತೇಪೆ ಹಾಕಿದ್ದು ಹತ್ತು ಮೈಲಿಯಿಂದಲೇ ಗೊತ್ತಾಗುತ್ತದೆ.

ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವಾಗ, ಪ್ಯಾಪಿ ನೋಡಿ. 3 ಡಿಗ್ರಿ ಕೋನವಿದ್ದರೆ ದೀಪಗಳಿಂದ 3 ನಾಟಿಕಲ್ ಮೈಲಿ ಹಿಂದೆ, ರನ್‌ವೇಗಿಂತ ಸುಮಾರು 950 ಅಡಿ ಮೇಲೆ, ಎರಡು ಬಿಳಿ ಎರಡು ಕೆಂಪು. ಗ್ರೌಂಡ್ ಸ್ಪೀಡ್ 110 ನಾಟ್ ಇದ್ದರೆ ನಿಮಿಷಕ್ಕೆ ಸುಮಾರು 580 ಅಡಿಯಂತೆ ಇಳಿದರೆ ಬಣ್ಣ ಬದಲಾಗಬಾರದು. ಕೆಳಗಿನ ನೆಲದಿಂದ ಎತ್ತರ ಅಳೆಯುವ ರೇಡಿಯೋ ಆಲ್ಟಿಮೀಟರ್ ಇಲ್ಲಿ ನಂಬಬೇಡಿ. ಕಮರಿ ದಾಟುವಾಗ ಅಂಕಿ ಧಡಕ್ಕನೆ ಬದಲಾಗುತ್ತದೆ. ಹಾಗೆ ಬದಲಾದರೆ ಇಳಿಜಾರು ಸರಿಯಾಗಿದೆ ಎಂದೇ ಅರ್ಥ.

ಮತ್ತೆ ಅದೇ ಫೈನಲ್ ರಾತ್ರಿ ಒಮ್ಮೆ, ಮಳೆಯಲ್ಲಿ ಒಮ್ಮೆ. ರಾತ್ರಿ ನೆಲದಿಂದ ಮೇಲೆ ತೇಲುವ ದೀಪಗಳು, ಮಳೆಯಲ್ಲಿ ಒಣಗಿಯೇ ಉಳಿಯುವ ಏಪ್ರನ್ (ವಿಮಾನ ನಿಲ್ಲುವ ಜಾಗ) ಸಿಕ್ಕರೆ ಅದು ಹಳೆಯ ಆವೃತ್ತಿಗೆ ಮಾಡಿದ ಪ್ಯಾಕ್ ಇರಬಹುದು.

ಇನ್ನು ಕಂಪ್ಯೂಟರಿನ ಮೇಲೆ ಬೀಳುವ ಭಾರದ ಲೆಕ್ಕ. 4096 × 4096 ಅಳತೆಯ ಒಂದು ಟೆಕ್ಸ್ಚರ್ (ಮಾದರಿಗೆ ಹೊದಿಸುವ ಚಿತ್ರ) ಕಂಪ್ರೆಸ್ ಆಗದಿದ್ದರೆ 64 ಎಂಬಿ, ಡಿಎಕ್ಸ್‌ಟಿ5 ಆದರೆ 16, ಡಿಎಕ್ಸ್‌ಟಿ1 ಆದರೆ 8. ಮಿಪ್‌ಮ್ಯಾಪ್‌ಗೆ (ದೂರಕ್ಕೆ ಬಳಸುವ ಅದರ ಚಿಕ್ಕ ಪ್ರತಿಗಳು) ಇದರ ಮೇಲೆ ಮೂರನೇ ಒಂದು ಪಾಲು. ಫೋಲ್ಡರಿನಲ್ಲಿ ಅಷ್ಟು ದೊಡ್ಡ ಡಿಡಿಎಸ್ ಫೈಲುಗಳನ್ನು ಎಣಿಸಿ ಗುಣಿಸಿದರೆ ನಿಮ್ಮ 6 ಜಿಬಿ ಗ್ರಾಫಿಕ್ಸ್ ಕಾರ್ಡ್ ತಡೆದೀತೇ ಎಂದು ಹಾರುವ ಮುಂಚೆಯೇ ಅಂದಾಜು ಸಿಗುತ್ತದೆ. ಫ್ರೇಮ್ ರೇಟ್ ಅಳೆಯಲು ಅದೇ ವಿಮಾನ, ಅದೇ ಹೊತ್ತು, ಅದೇ ಹವೆ, ಅದೇ ಪಾರ್ಕಿಂಗ್ ಜಾಗ. ಪ್ಯಾಕ್ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ. ಸರಾಸರಿಗಿಂತ ಅತಿ ಕಡಿಮೆ ಬಂದ ಅಂಕಿ ಬರೆಯಿರಿ, ಇಳಿಯುವಾಗ ಎಳೆದಾಡುವುದು ಅದೇ. ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದಕ್ಕೆ 33 ಮಿಲಿಸೆಕೆಂಡ್. ಪ್ಯಾಕ್ ಅದರ ಮೇಲೆ 5 ಮಿಲಿಸೆಕೆಂಡ್‌ಗಿಂತ ಹೆಚ್ಚು ಕೂಡಿಸಿದರೆ ನಾನು ಒಳಾಂಗಣ, ನಿಂತ ವಾಹನಗಳನ್ನು ತೆಗೆದು ನೋಡುತ್ತೇನೆ.

ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನಲ್ಲಿ ಪ್ಯಾಕ್ ಹೋಗುವುದು ಕಮ್ಯುನಿಟಿ ಫೋಲ್ಡರಿಗೆ. ಒಂದೇ ನಿಲ್ದಾಣದ ಎರಡು ಪ್ಯಾಕ್ ಇದ್ದರೆ ಕಟ್ಟಡದೊಳಗೆ ಕಟ್ಟಡ ಏಳುತ್ತದೆ, ಒಂದನ್ನು ತೆಗೆಯಿರಿ. ಡೆವ್ ಮೋಡ್‌ನ ಎಫ್‌ಪಿಎಸ್ ಪಟ್ಟಿ ತಡೆ ಜಿಪಿಯುದೋ ಮೇನ್ ಥ್ರೆಡ್‌ನದೋ (ಪ್ರೊಸೆಸರಿನ ಮುಖ್ಯ ಕೆಲಸ) ಎಂದು ನೇರವಾಗಿ ಹೇಳುತ್ತದೆ. ನೆಲದ ಚಿತ್ರ ಇಂಟರ್ನೆಟ್‌ನಿಂದ ಹರಿದು ಬರುವುದರಿಂದ, ನಮ್ಮ ಕಡೆ ಮಳೆಗಾಲದಲ್ಲಿ ಲೈನ್ ಹೋದ ಹೊತ್ತಿಗೆ ಗುಡ್ಡವೆಲ್ಲ ಮಸುಕಾಗುತ್ತದೆ. ಅಂಥ ಸಂಜೆ ನೆಲದ ಬಗ್ಗೆ ತೀರ್ಪು ಬೇಡ, ಫೈಲುಗಳ ಲೆಕ್ಕ ಮಾಡಿಕೊಳ್ಳಿ. ನೆಲ ನೋಡುವುದನ್ನು ಲೈನ್ ಗಟ್ಟಿಯಿರುವ ದಿನಕ್ಕೆ ಇಟ್ಟುಕೊಳ್ಳಿ.