ಕಂಪ್ಯೂಟರಿನಲ್ಲಿ ಕಾಂತೀಯ ಹನಿ ಮೂಡಿಸುವುದು ಹೇಗೆ?

ತೆಳು ಕಾಂತೀಯ ಪದರದಲ್ಲಿ ಕಾಂತತ್ವ ತಲೆಕೆಳಗಾದ ಪುಟ್ಟ ದುಂಡು ಜಾಗವೇ ಕಾಂತೀಯ ಹನಿ. ಬದಿಯಡ್ಕದ ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಕರೆಂಟ್ ಹೋಗುವುದು ಜಾಸ್ತಿ. ಹಾಗಾಗಿ ಮೊದಲು ಆಟೋಸೇವ್ ಹಾಕಿಡಿ. ಆಮೇಲೆ ಮುಮ್ಯಾಕ್ಸ್3 ಎಂಬ, ಕಾಂತತ್ವದ ವರ್ತನೆ ಲೆಕ್ಕ ಹಾಕುವ ತಂತ್ರಾಂಶ ತೆರೆಯಿರಿ. ಅದು ಉಚಿತ, ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರಾಯಿತು.

ಕಾಂತತ್ವ ನೆಟ್ಟಗೆ ನಿಲ್ಲುವ ಕೋಬಾಲ್ಟ್-ನಿಕಲ್ ಪದರ ಆರಿಸಿ. ಲೆಕ್ಕಕ್ಕಾಗಿ ಪದರವನ್ನು ಪುಟ್ಟ ಚೌಕಗಳಾಗಿ ಹಂಚಿ; ಚೌಕದ ಬದಿ 5 ನ್ಯಾನೋಮೀಟರ್ ಮೀರದಿರಲಿ. ಪದರಕ್ಕೆ ಲಂಬವಾಗಿ ಕಾಂತಕ್ಷೇತ್ರ ಕೊಡಿ. ನಡುವೆ ಸುಮಾರು 100 ನ್ಯಾನೋಮೀಟರ್ ಅಗಲದ ವೃತ್ತದಲ್ಲಿ ಮಾತ್ರ ಸ್ಪಿನ್ ಕರೆಂಟ್ ಹರಿಸಿ. ಸ್ಪಿನ್ ಎಂದರೆ ಎಲೆಕ್ಟ್ರಾನಿನ ಪುಟ್ಟ ಕಾಂತ ಎಂದುಕೊಳ್ಳಿ; ಹೆಚ್ಚಿನ ಸ್ಪಿನ್‌ಗಳು ಒಂದೇ ದಿಕ್ಕಿಗಿರುವ ಕರೆಂಟೇ ಸ್ಪಿನ್ ಕರೆಂಟ್.

ಈ ಸ್ಪಿನ್ ಕರೆಂಟನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಅವಸರ ಬೇಡ. ಒಂದು ಹಂತದಲ್ಲಿ ಪದರದ ಸ್ಪಿನ್‌ಗಳು ತಿರುಗುವ ಆವರ್ತನ ದಿಢೀರನೆ ಕುಸಿಯುತ್ತದೆ. ಹನಿ ಹುಟ್ಟುವುದೇ ಆಗ! 2013ರಲ್ಲಿ ಪ್ರಯೋಗದಲ್ಲಿ ಕಂಡದ್ದೂ ಇದೇ ಕುಸಿತ. ಚಿತ್ರ ತೆಗೆದು ನೋಡಿ: ನಡುವಿನ ಸ್ಪಿನ್‌ಗಳು ತಲೆಕೆಳಗಾಗಿವೆ, ಸುತ್ತಲಿನವು ಒಂದೇ ತಾಳಕ್ಕೆ ತಿರುಗುತ್ತಿವೆ. ಎಷ್ಟು ಚಂದ ಅಲ್ವಾ? ಸ್ಪಿನ್ ಕರೆಂಟ್ ನಿಲ್ಲಿಸಿದರೆ ಹನಿ ಕುಗ್ಗಿ ಮಾಯವಾಗುತ್ತದೆ.