ಪಾಟ್ ತಪ್ಪು ಸೀಟಿಗೆ ಹೋದಾಗ

ಪೋಕರ್ ಟೂರ್ನಿಯಲ್ಲಿ ಎಲೆ ಹಂಚುವ ಡೀಲರ್ ಪಾಟನ್ನು (ಎಲ್ಲರೂ ಪಣವಾಗಿ ಹಾಕಿದ ಚಿಪ್ಸ್ ಗುಡ್ಡೆಯನ್ನು) ತಪ್ಪಾಗಿ ಹಂಚಿದ್ದು ಗೊತ್ತಾದ ಕೂಡಲೇ ನಾಲ್ಕು ಕೈಗಳು ಒಟ್ಟಿಗೆ ಚಿಪ್ಸ್ ಮೇಲೆ ಬೀಳುತ್ತವೆ. ಡೀಲರ್ ಗಾಬರಿಯಿಂದ ಗುಡ್ಡೆಯನ್ನು ವಾಪಸ್ ಎಳೆಯುತ್ತಾರೆ, ಪಡೆದವರು ತಮ್ಮ ಪಾಲು ಇಷ್ಟು ಎಂದು ಎತ್ತಿಟ್ಟುಕೊಳ್ಳುತ್ತಾರೆ, ಆಟದಲ್ಲೇ ಇಲ್ಲದವರು ಲೆಕ್ಕ ಒಪ್ಪಿಸುತ್ತಾರೆ. ಅರ್ಧ ನಿಮಿಷದಲ್ಲಿ ಸರಿಪಡಿಸಬಹುದಾಗಿದ್ದ ತಪ್ಪು ಈ ಗದ್ದಲದಲ್ಲೇ ಕೈಮೀರುತ್ತದೆ.

1. ಎಲ್ಲರ ಕೈ ನಿಲ್ಲಿಸಿ

ಡೀಲರ್ ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟು ಫ್ಲೋರ್‌ನವರನ್ನು (ತೀರ್ಪು ಕೊಡುವ ಮೇಲ್ವಿಚಾರಕರನ್ನು) ಕರೆಯಬೇಕು. ಬೋರ್ಡಿನ (ಎಲ್ಲರಿಗೂ ಸೇರಿದಂತೆ ಮೇಜಿನ ನಡುವೆ ತೆರೆದಿಟ್ಟ) ಐದು ಎಲೆ, ಕೈಯಲ್ಲಿ ಉಳಿದ ಕಟ್ಟು, ಮಕ್ (ಎಸೆದ ಎಲೆಗಳ ರಾಶಿ) ಈ ಮೂರೂ ಒಂದಕ್ಕೊಂದು ತಾಕಬಾರದು. ಚಿಪ್ಸ್ ಎಲ್ಲಿವೆಯೋ ಅಲ್ಲೇ ಇರಲಿ. ಎಷ್ಟೇ ಪಳಗಿದ ಆಟಗಾರನಾದರೂ ಎಣಿಸುವ ಕೆಲಸ ಅವನದಲ್ಲ.

2. ಓದಿದ್ದು ತಪ್ಪೋ, ಲೆಕ್ಕ ತಪ್ಪೋ?

ಈ ಪ್ರಶ್ನೆಯನ್ನು ಮೊದಲೇ ಕೇಳದ ಫ್ಲೋರ್‌ನವರು ಆಮೇಲೆ ಒದ್ದಾಡುತ್ತಾರೆ. ಎರಡಕ್ಕೂ ಗಡುವು ಬೇರೆ. 2001ರಲ್ಲಿ ಶುರುವಾದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ (ಟಿಡಿಎ) ನಿಯಮಗಳ ಪ್ರಕಾರ, ತೆರೆದಿಟ್ಟ ಎಲೆಗಳನ್ನು ಓದುವಲ್ಲಿ ಆದ ತಪ್ಪನ್ನು ಮುಂದಿನ ಹ್ಯಾಂಡ್ (ಒಂದು ಪಾಟ್‌ನ ಪೂರ್ತಿ ಆಟ) ಶುರುವಾಗುವವರೆಗೆ ಮಾತ್ರ ಪ್ರಶ್ನಿಸಬಹುದು. ಕೈಯಲ್ಲಿ ಕಲೆಸುವ ಮೇಜಿನಲ್ಲಿ ಎಲೆಗಳನ್ನು ಮೊದಲ ಸಲ ಕಲೆಸಿದಾಗ, ಯಂತ್ರವಿದ್ದರೆ ಅದರ ಗುಂಡಿ ಒತ್ತಿದಾಗ ಹ್ಯಾಂಡ್ ಶುರುವಾದಂತೆ. ಪಾಟ್ ತಳ್ಳುತ್ತಲೇ ಇನ್ನೊಂದು ಕೈಯಿಂದ ಗುಂಡಿ ಒತ್ತುವ ಡೀಲರುಗಳಿದ್ದಾರೆ. ಅವರು ಉಳಿಸುವುದು ಮೂರು ಸೆಕೆಂಡ್, ಕಳೆಯುವುದು ಆಟಗಾರನ ಹಕ್ಕು.

ಪಾಟನ್ನು ಕೂಡಿಸುವಲ್ಲಿ, ಹಂಚುವಲ್ಲಿ ಆದ ಲೆಕ್ಕದ ತಪ್ಪಿಗೆ ಸ್ವಲ್ಪ ಹೆಚ್ಚು ಕಾಲಾವಕಾಶವಿದೆ: ಮುಂದಿನ ಹ್ಯಾಂಡಿನಲ್ಲಿ ಗಣನೀಯ ಆಟ ನಡೆಯುವವರೆಗೆ. ಅಂದರೆ ಸರದಿಯಂತೆ ಎರಡು ನಡೆ ಆಗಿ, ಅದರಲ್ಲಿ ಒಂದಾದರೂ ಚಿಪ್ಸ್ ಹಾಕಿದ ನಡೆಯಾಗಿರಬೇಕು. ಇಲ್ಲವೇ ಯಾವುದೇ ಮೂರು ನಡೆ ಮುಗಿದಿರಬೇಕು. ಮೊದಲಿಗರು ರೇಯ್ಸ್ ಮಾಡಿ (ಪಣ ಏರಿಸಿ) ಎರಡನೆಯವರು ಫೋಲ್ಡ್ ಮಾಡಿದರೆ (ಎಲೆ ಬಿಟ್ಟುಕೊಟ್ಟರೆ) ಬಾಗಿಲು ಮುಚ್ಚಿತು. ಬರೀ ಇಬ್ಬರು ಫೋಲ್ಡ್ ಮಾಡಿದ್ದರೆ ಇನ್ನೂ ತೆರೆದೇ ಇದೆ. ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಇಡಬೇಕಾದ ಕಡ್ಡಾಯ ಪಣ) ಇಟ್ಟಿದ್ದು ನಡೆಯೆಂದು ಲೆಕ್ಕಕ್ಕಿಲ್ಲ. ಹ್ಯಾಂಡ್ ವಿರಾಮದಲ್ಲಿ ಮುಗಿದರೆ, ಪಾಟ್ ಕೊಟ್ಟ 1 ನಿಮಿಷಕ್ಕೆ ಹಕ್ಕು ಮುಗಿಯುತ್ತದೆ.

3. ಎಲೆಗಳನ್ನು ಮತ್ತೆ ಓದಿ

ತೆರೆದಿಟ್ಟ ಎಲೆಗಳೇ ಮಾತಾಡುತ್ತವೆ. ಆಟಗಾರ ಬಾಯಲ್ಲಿ ಏನು ಹೇಳಿದ ಎಂಬುದಲ್ಲ. ಎಲ್ಲಕ್ಕಿಂತ ಹೆಚ್ಚು ಎಡವುವುದು ಬೋರ್ಡೇ ಕೈಯನ್ನು ನುಂಗಿದಾಗ. ಬೋರ್ಡ್ 9-9-4-4-ರಾಜ ಎಂದುಕೊಳ್ಳಿ. ಒಬ್ಬರ ಬಳಿ 3-3, ಇನ್ನೊಬ್ಬರ ಬಳಿ ರಾಣಿ-ಗುಲಾಮ. ಜೋಡಿ ಕಂಡ ಡೀಲರ್ 3-3ಕ್ಕೆ ಪಾಟ್ ತಳ್ಳಿಬಿಡುತ್ತಾರೆ. ಆದರೆ ಕೈಯ ಎರಡು, ಬೋರ್ಡಿನ ಐದು ಸೇರಿದ ಏಳರಲ್ಲಿ ಇಬ್ಬರ ಅತ್ಯುತ್ತಮ ಐದೂ ಬೋರ್ಡಿನಲ್ಲೇ ಇವೆ, ಪಾಟ್ ಸಮಪಾಲು. ಗೆಲ್ಲುವ ಐದು ಎಲೆಗಳನ್ನು ಬೆರಳಿನಿಂದ ಒಂದಿಂಚು ಮೇಲೆ ಸರಿಸಿ ತೋರಿಸುವ ಅಭ್ಯಾಸವಿದ್ದರೆ ಈ ತಪ್ಪು ಹುಟ್ಟುವುದೇ ಇಲ್ಲ.

ಸರಿಯಾಗಿ ತೆರೆದಿಟ್ಟ, ಎದ್ದು ಕಾಣುವಂತೆ ಗೆದ್ದ ಕೈಯನ್ನು ಡೀಲರ್ ಮಕ್‌ಗೆ ತಳ್ಳಿದರೂ ಅದು ಸಾಯುವುದಿಲ್ಲ. ತೋರಿಸದೆಯೇ ಎಸೆದು, ಎಲೆಗಳು ಗುರುತು ಸಿಗದಂತೆ ಮಕ್‌ನಲ್ಲಿ ಕಲೆತುಹೋದ ಮೇಲೆ "ನನ್ನದೇ ದೊಡ್ಡದಿತ್ತು" ಎಂದರೆ ಕೇಳುವಂತಿಲ್ಲ.

4. ಲೆಕ್ಕ ಕಟ್ಟುವುದು

ಕೆಲಸ ಕೆಡುವುದು ಇಲ್ಲಿ. ಚಿಪ್ಸ್ ಪಡೆದವರ ಗುಡ್ಡೆಯಲ್ಲಿ ಬೆರೆತುಹೋಗಿರುತ್ತವೆ, ಫ್ಲೋರ್‌ನವರು ಆ ಗುಡ್ಡೆಯನ್ನೇ ಎಣಿಸಲು ಕೂರುತ್ತಾರೆ. ಮೊದಲು ಅವರ ಬಳಿ ಎಷ್ಟಿತ್ತೆಂದು ಖಚಿತವಾಗಿ ಗೊತ್ತಿಲ್ಲದ ಮೇಲೆ ಈಗ ಎಷ್ಟಿದೆ ಎಂಬುದರಿಂದ ಏನೂ ತಿಳಿಯದು. ಒಳಗೆ ಹೋದದ್ದನ್ನು ಸುತ್ತು ಸುತ್ತಾಗಿ ಕೂಡಿಸಿ, ಕಾಗದದ ಮೇಲೆ ಬರೆಯಿರಿ. ಬಾಯಿಲೆಕ್ಕ ಬೇಡ.

ಮೇಲಿನ 3-3ರ ಉದಾಹರಣೆಯಲ್ಲಿ ಬ್ಲೈಂಡ್ 500/1,000, ಬಿಗ್ ಬ್ಲೈಂಡ್ ಆಂಟಿ (ದೊಡ್ಡ ಬ್ಲೈಂಡ್‌ನವರು ಇಡೀ ಮೇಜಿನ ಪರವಾಗಿ ಹಾಕುವ ಇನ್ನೊಂದು ಪಣ) 1,000 ಇತ್ತೆನ್ನಿ. ಫ್ಲಾಪ್‌ಗೆ (ಬೋರ್ಡಿನ ಮೊದಲ ಮೂರು ಎಲೆ) ಮುಂಚೆ ಇಬ್ಬರೂ ತಲಾ 2,500 ಹಾಕಿದರು, ಬ್ಲೈಂಡ್‌ಗಳು ಫೋಲ್ಡ್: 5,000 + 1,500 + 1,000 = 7,500. ಫ್ಲಾಪ್‌ನಲ್ಲಿ ತಲಾ 3,000, ಒಟ್ಟು 13,500. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಚೆಕ್, ಅಂದರೆ ಯಾರೂ ಪಣ ಹಾಕಲಿಲ್ಲ. ರಿವರ್‌ನಲ್ಲಿ (ಐದನೇ ಎಲೆ) ತಲಾ 5,000, ಒಟ್ಟು 23,500. ಆಂಟಿಯನ್ನು ಮರೆಯುವವರೇ ಹೆಚ್ಚು. ಅದಕ್ಕೇ ಬಂದ ಮೊತ್ತಕ್ಕೆ ಆಂಟಿ ಸೇರಿದೆಯೇ ಎಂದು ಬೇರೆಯಾಗಿ ಕೇಳಿಕೊಳ್ಳಿ. ಪ್ರತಿ ಸುತ್ತಿನ ಮೊತ್ತವನ್ನು ಇಬ್ಬರೂ ಒಪ್ಪಬೇಕು. ಒಪ್ಪದಿದ್ದರೆ ಡೀಲರ್‌ರನ್ನು, ಅಕ್ಕಪಕ್ಕದವರನ್ನು ಕೇಳಿ. ಕ್ಯಾಮೆರಾ ಇದ್ದರೆ ನೋಡಿ.

ಪಾಲು 11,750. ಚಲಾವಣೆಯಲ್ಲಿರುವ ಅತಿ ಚಿಕ್ಕ ಚಿಪ್ 100 ಆಗಿದ್ದರೆ ಒಬ್ಬರಿಗೆ 11,800, ಇನ್ನೊಬ್ಬರಿಗೆ 11,700. 100ರ ಚಿಪ್ ಆಟದಿಂದ ಹೋಗಿ 500 ಉಳಿದಿದ್ದರೆ 12,000 ಮತ್ತು 11,500. ಉಳಿದ ಒಂದು ಚಿಪ್ ಹೋಲ್ಡೆಮ್‌ನಲ್ಲಿ (ಈ ಬಗೆಯ ಪೋಕರ್) ಬಟನ್‌ನ (ಹಂಚುವ ಸರದಿ ತೋರಿಸುವ ಬಿಲ್ಲೆ) ಎಡಕ್ಕೆ ಮೊದಲು ಕೂತವರದು. ನಾಣ್ಯ ಚಿಮ್ಮುವುದು, "ಇಟ್ಕೊಳ್ಳಿ ಬಿಡಿ" ಎನ್ನುವುದು ಎರಡೂ ಬೇಡ.

ಸೈಡ್ ಪಾಟ್ (ಚಿಪ್ಸ್ ಮುಗಿದವರಿಗೆ ಪಾಲಿಲ್ಲದ ಬೇರೆ ಗುಡ್ಡೆ) ಇದ್ದರೆ ಇನ್ನೊಂದು ಗಂಟು. ಸೀಟ್ 2 ಆಲ್-ಇನ್ (ಇದ್ದುದನ್ನೆಲ್ಲ ಹಾಕಿದ್ದು) 6,000, ಸೀಟ್ 5 ಆಲ್-ಇನ್ 15,000, ಸೀಟ್ 8ರ ಬಳಿ 40,000 ಇದ್ದು ಕಾಲ್ ಮಾಡಿದ್ದಾರೆ (ಅಷ್ಟೇ ಪಣ ಹಾಕಿದ್ದಾರೆ). ಫೋಲ್ಡ್ ಆದ ಬ್ಲೈಂಡ್, ಆಂಟಿ ಸೇರಿ 2,500. ಮೇನ್ ಪಾಟ್ 6,000 × 3 + 2,500 = 20,500. ಸೈಡ್ ಪಾಟ್ 9,000 × 2 = 18,000. ಸೀಟ್ 2ರದು ಎಲ್ಲಕ್ಕಿಂತ ದೊಡ್ಡ ಕೈ, ಸೀಟ್ 5ರದು ಎರಡನೆಯದು. ಡೀಲರ್ 38,500 ಅಷ್ಟನ್ನೂ ಸೀಟ್ 2ಕ್ಕೆ ತಳ್ಳುತ್ತಾರೆ. 18,000 ಸಿಗಬೇಕಾದ ಸೀಟ್ 5 ತಾವು ಔಟ್ ಎಂದುಕೊಂಡು ಎದ್ದು ಹೋಗುತ್ತಾರೆ. ಕೊನೆಯ ಸೈಡ್ ಪಾಟನ್ನು ಮೊದಲು, ಮೇನ್ ಪಾಟನ್ನು ಕಡೆಗೆ ಕೊಡುವ ಕ್ರಮ ಇರುವುದೇ ಈ ಕಾರಣಕ್ಕೆ. ಪ್ರತಿ ಪಾಟೂ ಬೇರೆಯಾಗಿಯೇ ಹಂಚಿಕೆಯಾಗಬೇಕು. ಒಟ್ಟುಮಾಡಿ ಭಾಗಿಸಿದರೆ ಲೆಕ್ಕ ಕೆಟ್ಟಿತೆಂದೇ ಅರ್ಥ.

ಮಬ್ಬು ಬೆಳಕಿನಲ್ಲಿ 500 ಯಾವುದು, 5,000 ಯಾವುದು ಎಂದು ಗೊತ್ತಾಗದ ಕಡುನೇರಳೆ-ಕಪ್ಪು ಬಣ್ಣದ ಅಗ್ಗದ ಚಿಪ್ ಸೆಟ್‌ಗಳಿಂದಲೂ ಇಂಥ ತಪ್ಪುಗಳು ಹುಟ್ಟುತ್ತವೆ. ಅವನ್ನು ಟೂರ್ನಿಗೆ ಕೊಳ್ಳಬೇಡಿ.

5. ಚಿಪ್ಸ್ ಸಾಗಿಸುವುದು

ಹೆಚ್ಚು ಪಡೆದವರಿಂದ ಕಡಿಮೆ ಪಡೆದವರಿಗೆ ನೇರವಾಗಿ ಹೋಗಬೇಕು. ಫ್ಲೋರ್‌ನವರು ಮೇಜಿನ ನಡುವೆ ಎಲ್ಲರಿಗೂ ಕಾಣುವಂತೆ ಹರಡಿ ಎಣಿಸಲಿ. ಜಗಳ ತಪ್ಪಿಸಲು ಬ್ಯಾಂಕ್‌ನಿಂದ ಚಿಪ್ಸ್ ತಂದು ತುಂಬಿಸುವುದು ಎಲ್ಲಕ್ಕಿಂತ ಕೆಟ್ಟ ಅಡ್ಡದಾರಿ. 120 ಜನ ತಲಾ 30,000ದಿಂದ ಆರಂಭಿಸಿದ್ದರೆ ಮೇಜುಗಳ ಮೇಲೆ ಸದಾ 36,00,000 ಇರಬೇಕು. ಹೊರಗಿನ ಒಂದೊಂದು ಚಿಪ್ಪೂ ಉಳಿದವರೆಲ್ಲರ ಪಾಲನ್ನು ತೆಳುವಾಗಿಸುತ್ತದೆ.

ಮುಂದಿನ ಹ್ಯಾಂಡಿನ ಎಲೆಗಳು ಆಗಲೇ ಬಿದ್ದಿದ್ದು, ಲೆಕ್ಕದ ತಪ್ಪಿಗೆ ಗಡುವು ಇನ್ನೂ ಉಳಿದಿದ್ದರೆ, ಆಟ ತಡೆದು ಆಗಲೇ ಸಾಗಿಸಿ. ಹ್ಯಾಂಡ್ ಮುಗಿಯಲಿ ಎಂದು ಕಾದರೆ ಎಲ್ಲರೂ ಸುಳ್ಳು ಸ್ಟ್ಯಾಕ್‌ಗಳನ್ನು (ಚಿಪ್ಸ್ ಗುಡ್ಡೆಗಳನ್ನು) ನೋಡಿ ಆಡುತ್ತಿರುತ್ತಾರೆ. ಔಟ್ ಎಂದು ಎದ್ದುಹೋದವರಿದ್ದರೆ ಅವರನ್ನು ಕರೆಸಿ, ಬೇರೆ ಮೇಜಿನಿಂದ ಯಾರನ್ನೂ ಆ ಸೀಟಿಗೆ ಕೂರಿಸದಂತೆ ಮೊದಲೇ ಹೇಳಿ, ಔಟಾದವರ ಪಟ್ಟಿಯಿಂದ ಅವರ ಹೆಸರು ತೆಗೆಸಿ. ಬಹುಮಾನದ ಹೊಸ್ತಿಲಲ್ಲಿ ಎಲ್ಲ ಮೇಜುಗಳೂ ಒಂದೊಂದೇ ಹ್ಯಾಂಡ್ ಆಡುತ್ತಿದ್ದರೆ, ಈ ಮೇಜು ಇತ್ಯರ್ಥವಾಗುವ ತನಕ ಉಳಿದವೂ ಕಾಯಬೇಕು.

ಗಡುವು ಮೀರಿದ್ದರೆ ಹಂಚಿದ್ದು ಹಂಚಿದಂತೆಯೇ. ನಷ್ಟ ಆದವರಿಗೆ ಯಾವ ಕ್ಷಣದಲ್ಲಿ ಗಡುವು ಮುಗಿಯಿತೆಂದು ಬಿಡಿಸಿ ಹೇಳಿ, ಗಡಿಯಾರ ನಿಲ್ಲಿಸಿದ್ದರೆ ಮತ್ತೆ ಓಡಿಸಿ.