ಮಾಗಿಯಲ್ಲಿ ದಾಸವಾಳ, ಕ್ರೋಟನ್ ಉಳಿಸಿಕೊಳ್ಳುವ ಬಗೆ

ತೀರ್ಥಹಳ್ಳಿ, ಹೊಸನಗರದ ಕಡೆ ಮಾಗಿಯ ರಾತ್ರಿ ಎಷ್ಟೇ ಕೊರೆದರೂ ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ಹೈಬ್ರಿಡ್ ದಾಸವಾಳದ ಎಲೆ ಹಳದಿಯಾಗಿ ಉದುರುತ್ತದೆ, ಕ್ರೋಟನ್ ಬೋಳಾಗುತ್ತದೆ. ಸೂರಿನಡಿ ಇರುವ ಗಿಡ ಹಸಿರಾಗೇ ಇದ್ದು, ಎರಡು ಹೆಜ್ಜೆ ಆಚೆ ಅಂಗಳದಲ್ಲಿರುವುದು ಮಾತ್ರ ಸೊರಗುತ್ತದೆ. ಮೋಡವಿಲ್ಲದ ರಾತ್ರಿ ಎಲೆಯ ಬಿಸಿಯೆಲ್ಲ ಆಕಾಶಕ್ಕೆ ಹೋಗಿ, ಎಲೆ ಸುತ್ತಲಿನ ಗಾಳಿಗಿಂತ ತಣ್ಣಗಾಗುವುದೇ ಕಾರಣ. ಇಬ್ಬನಿ ಮೊದಲು ಕೂರುವುದೂ ಅಲ್ಲೇ.

ಹಾಗಾಗಿ ನಾನು ಗಿಡಕ್ಕೆ ಬಟ್ಟೆ ಸುತ್ತುವುದಿಲ್ಲ, ತಲೆಯ ಮೇಲೆ ಸೂರು ಕಟ್ಟುತ್ತೇನೆ. ನಾಲ್ಕು ಬಿದಿರು ಗೂಟ, ಗಿಡದ ತುದಿಗಿಂತ ಒಂದಡಿ ಎತ್ತರ, ಮೇಲೆ ಅಡಿಕೆ ಸೋಗೆ ಒಂದೇ ಪದರ. ಪೂರ್ವದ ಕಡೆ ಎತ್ತರಿಸಿ ಕಟ್ಟಿದರೆ ಬೆಳಗಿನ ಬಿಸಿಲು ಒಳಗೆ ಬಂದು ಎಲೆ ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಹಾಳೆ ಬೇಡವೇ ಬೇಡ: ರಾತ್ರಿ ಒಳಗೆ ನೀರು ತೊಟ್ಟಿಕ್ಕುತ್ತದೆ, ಮಧ್ಯಾಹ್ನ ಗಿಡ ಬೇಯುತ್ತದೆ. ಕುಂಡದ್ದನ್ನು ಜಗಲಿಗೆ ಎತ್ತಿಟ್ಟರೆ ಸಾಕು.

ನವೆಂಬರಿನಲ್ಲಿ ಮಣ್ಣು ಇನ್ನೂ ಹಸಿಯಾಗಿದ್ದಾಗ ಬುಡದ ಸುತ್ತ ಎರಡಡಿ ಅಗಲಕ್ಕೆ ಮೂರಿಂಚು ದಪ್ಪ ದರಗು, ಅಂದರೆ ಉದುರಿದ ಒಣ ಎಲೆ, ಹಾಸುತ್ತೇನೆ. ಕಾಂಡದಿಂದ ನಾಲ್ಕಿಂಚು ಬಿಡಲೇಬೇಕು, ಇಲ್ಲದಿದ್ದರೆ ಒರಲೆ ತೊಗಟೆಗೆ ಏರುತ್ತದೆ. ದರಗು ಕಾಯುವುದು ಬೇರನ್ನಷ್ಟೆ. ಮಣ್ಣಿನ ಬಿಸಿಯನ್ನು ಅದು ಕೆಳಗೇ ಹಿಡಿದಿಡುವುದರಿಂದ ಎಲೆಗೆ ಆ ಬಿಸಿಯೂ ತಪ್ಪುತ್ತದೆ. ಸೋಗೆ ಇಲ್ಲದೆ ಬರೀ ದರಗು ಹಾಕಿದರೆ ಅರ್ಧ ಕೆಲಸವೇ ಸರಿ.

ಚಳಿಗಿಂತ ಹೆಚ್ಚು ಗಿಡ ಕೊಲ್ಲುವುದು ನೀರು. ತಣ್ಣಗಿನ ಮಣ್ಣಲ್ಲಿ ಬೇರು ಸರಿಯಾಗಿ ನೀರು ಎಳೆಯುವುದಿಲ್ಲ, ಎಲೆ ಜೋತುಬೀಳುತ್ತದೆ. ಬಾಯಾರಿದೆ ಎಂದು ಮತ್ತೆ ಸುರಿದರೆ ಬೇರು ಕೊಳೆಯುತ್ತದೆ. ದರಗು ಸರಿಸಿ ಬೆರಳು ಎರಡಿಂಚು ಇಳಿಸಿ ನೋಡಿ. ತೇವ ತಾಗಿದರೆ ಆ ದಿನ ನೀರಿಲ್ಲ. ಕೊಡುವುದಾದರೆ ಬೆಳಿಗ್ಗೆ ಒಂಬತ್ತರ ಮೇಲೆ, ಬುಡಕ್ಕೆ ಮಾತ್ರ. ಸಂಜೆ ಎಲೆ ತೋಯಿಸಬಾರದು.

ದಸರೆ ಕಳೆದ ಮೇಲೆ ಸಗಣಿ ಬಗ್ಗಡ, ಯೂರಿಯಾ ಎರಡೂ ಬಂದ್. ಆಗ ಹೊರಡುವ ಎಳೆ ಚಿಗುರೇ ಮೊದಲು ಕರಟುವುದು. ಬೋಳಾದ ಕೊಂಬೆ ಕಂಡ ಕೂಡಲೇ ಕತ್ತರಿ ಹಿಡಿಯುವುದೂ ಇದೇ ಕಾರಣಕ್ಕೆ ತಪ್ಪು, ಸವರಿದರೆ ಚಿಗುರು ಬರುತ್ತದೆ. ಶಿವರಾತ್ರಿವರೆಗೆ ಬಿಡಿ. ಆಮೇಲೆ ತುದಿಯಿಂದ ಕೆಳಕ್ಕೆ ಉಗುರಲ್ಲಿ ತೊಗಟೆ ಕೆರೆಯುತ್ತ ಬನ್ನಿ. ಕಂದು ಮುಗಿದು ಹಸಿರು ಕಂಡ ಕಡೆ, ಗಿಣ್ಣಿನಿಂದ ಕಾಲಿಂಚು ಮೇಲೆ ಓರೆಯಾಗಿ ಕತ್ತರಿಸಿ.